ನಿಮಗಿದು ಗೊತ್ತೆ? ಸತ್ತನೆಂದು ನಂಬಲಾಗಿದ್ದ ಗಾಯಕ

ಅಮೆರಿಕದ ಡೆಟ್ರಾಯಿಟ್ ನಗರದ ಗಾಯಕ ಸಿಕ್ಸ್ಟೊ ರೊಡ್ರಿಗೆಜ್ 1970 ಮತ್ತು 1971ರಲ್ಲಿ ಹೊರತಂದ ಎರಡು ಆಲ್ಬಮ್‌ಗಳು, ಅಂದರೆ ಧ್ವನಿಮುದ್ರಿತ ಹಾಡುಗಳ ಸಂಕಲನಗಳು, ತಾಯ್ನಾಡಿನಲ್ಲಿ ಮಾರಾಟವಾಗದೆ ಹೋದುದರಿಂದ ಅವರು ಕಟ್ಟಡ ಕೆಡಹುವ ಕೂಲಿಗೆ ಇಳಿಯಬೇಕಾಯಿತು. ಆದರೆ ಜನರನ್ನು ಚರ್ಮದ ಬಣ್ಣದಿಂದ ಬೇರ್ಪಡಿಸುವ ವರ್ಣಭೇದ ನೀತಿ ಜಾರಿಯಲ್ಲಿದ್ದ ದಕ್ಷಿಣ ಆಫ್ರಿಕದಲ್ಲಿ ಅದೇ ಹಾಡುಗಳು ಮನೆಮಾತಾಗಿದ್ದವು; ಗಾಯಕ ವೇದಿಕೆಯಲ್ಲೇ ಪ್ರಾಣ ಕಳೆದುಕೊಂಡನೆಂಬ ವದಂತಿಯನ್ನೂ ಅಲ್ಲಿ ಅನೇಕರು ನಂಬಿದ್ದರು. ಹಾಡೊಂದರಲ್ಲಿ ಬರುವ, ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್ ಊರಿನ ಹೆಸರಿನ ಜಾಡು ಹಿಡಿದ ಪತ್ರಕರ್ತ ಕ್ರೇಗ್ ಬಾರ್ಥಲೊಮ್ಯೂ, 1997ರಲ್ಲಿ ಆಲ್ಬಮ್ ನಿರ್ಮಾಪಕರನ್ನು ತಲುಪಿ, ರೊಡ್ರಿಗೆಜ್ ಬದುಕಿರುವುದನ್ನು ಅರಿತರು. ಮರುವರ್ಷವೇ ದಕ್ಷಿಣ ಆಫ್ರಿಕದ ತುಂಬಿದ ಸಭೆಗಳಲ್ಲಿ ರೊಡ್ರಿಗೆಜ್ ಹಾಡಿದರು. ಈ ಶೋಧವನ್ನು ಚಿತ್ರಿಸಿದ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಸಾಕ್ಷ್ಯಚಿತ್ರ 2013ರಲ್ಲಿ ಆಸ್ಕರ್ ಪಡೆಯಿತಾದರೂ, 1979ರಲ್ಲೇ ಅವರು ಆಸ್ಟ್ರೇಲಿಯದಲ್ಲಿ ಕಛೇರಿ ನಡೆಸಿದ್ದನ್ನು ಅದು ಕೈಬಿಟ್ಟದ್ದು ಗಂಭೀರ ಲೋಪವೇ ಸರಿ.