ಅಳಿಸಿದರೂ ಅಳಿಯದ ಬರಹ

ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳಿಗೆ ತಂದೆಯೊಬ್ಬನು ೫,೦೦೦ ರೂಪಾಯಿ ಕಳುಹಿಸುತ್ತಾನೆಂದು ಭಾವಿಸೋಣ. ಆ ಮೊತ್ತವು ಅವನ ಖಾತೆಯಲ್ಲಿ ಕಳೆಯಬೇಕು, ಅವಳ ಖಾತೆಯಲ್ಲಿ ಕೂಡಬೇಕು. ಕಳೆಯುವ ಕೆಲಸ ಮುಗಿದು, ಕೂಡುವ ಕೆಲಸ ನಡೆಯುವ ಮುನ್ನವೇ ಯಂತ್ರವು ಕೈಕೊಟ್ಟರೆ ಹಣದ ಗತಿಯೇನು? ತಂದೆಯ ಬಳಿಯೂ ಇಲ್ಲ, ಮಗಳ ಬಳಿಯೂ ಇಲ್ಲ, ತ್ರಿಶಂಕುವಿನ ಸ್ಥಿತಿ!

ಈ ಅನರ್ಥವನ್ನು ತಪ್ಪಿಸಲೆಂದೇ ಗಣಕಯಂತ್ರದ ಡೇಟಾಬೇಸಿನಲ್ಲಿ ‘ಟ್ರಾನ್ಸಾಕ್ಷನ್’ ಎಂಬ ಕಟ್ಟುಪಾಡು ಉಂಟು. ನಾವದನ್ನು ವಹಿವಾಟು ಎಂದು ಕರೆಯೋಣ. ನಡೆದರೆ ಎಲ್ಲವೂ ನಡೆಯಬೇಕು, ಇಲ್ಲವಾದರೆ ಏನೊಂದೂ ನಡೆಯಲಿಲ್ಲವೆಂಬಂತೆ ಆಗಬೇಕು. ಇದೇ ಅದರ ಧರ್ಮ. ಎಲ್ಲವೂ ಸರಿಹೋದರೆ ‘ಕಮಿಟ್’ ಎಂಬ ಮುದ್ರೆ ಬೀಳುತ್ತದೆ. ಎಡವಿದರೆ ‘ರೋಲ್‌ಬ್ಯಾಕ್’, ಬರೆದುದೆಲ್ಲವೂ ಅಳಿಸಿಹೋಗುತ್ತದೆ. ಈ ತತ್ತ್ವವನ್ನು ೧೯೮೧ರ ಪ್ರಬಂಧವೊಂದರಲ್ಲಿ ವಿಶದಪಡಿಸಿದ ಅಮೆರಿಕದ ವಿಜ್ಞಾನಿ ಜಿಮ್ ಗ್ರೇ ಅವರಿಗೆ ೧೯೯೮ರ ಟ್ಯೂರಿಂಗ್ ಪ್ರಶಸ್ತಿಯು ಸಂದಿತು.

ಆದರೆ ಇಲ್ಲೊಂದು ತೊಡಕುಂಟು. ಯಾರೋ ಪರರ ಖಾತೆಗೆ ಕೈಹಾಕುತ್ತಾನೆ. ವ್ಯವಸ್ಥೆಯು ಆ ಪ್ರಯತ್ನವನ್ನು ದಾಖಲೆಯಲ್ಲಿ ಬರೆದುಕೊಂಡು, ಬಳಿಕ ವಹಿವಾಟನ್ನು ರದ್ದುಪಡಿಸುತ್ತದೆ. ಆಗ ಆ ದಾಖಲೆಯೂ ಅದರೊಡನೆ ಅಳಿಯುತ್ತದೆ! ಹಣವೇನೋ ಉಳಿಯಿತು, ಕಳ್ಳನ ಹೆಜ್ಜೆಗುರುತು ಮಾತ್ರ ಉಳಿಯಲಿಲ್ಲ.

ಇದಕ್ಕೆ ಪರಿಹಾರವೇ ಸ್ವತಂತ್ರ ವಹಿವಾಟು. ಒರಾಕಲ್ ಸಂಸ್ಥೆಯು ೧೯೯೯ರಲ್ಲಿ ಹೊರತಂದ ‘೮ಐ’ ಆವೃತ್ತಿಯಲ್ಲಿ ಇದಕ್ಕೆ ಅವಕಾಶ ದೊರೆಯಿತು. ಕಾರ್ಯಕ್ರಮದ ಒಂದು ಭಾಗವು ಸ್ವತಂತ್ರವೆಂದು ಮೊದಲೇ ಘೋಷಿಸಿದರೆ ಸಾಕು. ಅದು ನಡೆಯುವಾಗ ಮೂಲ ವಹಿವಾಟು ತಡೆದು ನಿಲ್ಲುತ್ತದೆ. ಉಪವಹಿವಾಟು ತನ್ನ ಸಾಲನ್ನು ಬರೆದು, ತನ್ನದೇ ಮುದ್ರೆಯೊತ್ತಿ ಹಿಂದಿರುಗುತ್ತದೆ. ಆಮೇಲೆ ಮೂಲವು ರದ್ದಾದರೂ ಆ ಸಾಲಿಗೆ ಅಳಿವಿಲ್ಲ. ಸಭೆಯಲ್ಲಿ ನಿರ್ಣಯವು ಬಿದ್ದುಹೋದರೂ, ಅದನ್ನು ಮಂಡಿಸಿದವರಾರೆಂಬುದು ನಡಾವಳಿ ಪುಸ್ತಕದಲ್ಲಿ ಉಳಿಯುವುದಿಲ್ಲವೆ? ಹಾಗೆಯೇ ಇದು.

ಸ್ವಾತಂತ್ರ್ಯವು ಎಲ್ಲಿಯೂ ಬಿಟ್ಟಿಯಾಗಿ ದೊರೆಯದು. ಮೂಲ ವಹಿವಾಟು ಮುದ್ರೆಯೊತ್ತದೆ ಇಟ್ಟಿರುವ ಬದಲಾವಣೆಗಳು ಈ ಉಪವಹಿವಾಟಿನ ಕಣ್ಣಿಗೆ ಬೀಳವು. ಮೂಲವು ಬೀಗ ಹಾಕಿರುವ ಸಾಲನ್ನೇ ತಿದ್ದಲು ಇದು ಹೊರಟರಂತೂ ವಿಚಿತ್ರ ಬಿಕ್ಕಟ್ಟು. ಬೀಗದ ಕೈ ಅಣ್ಣನ ಬಳಿ. ತಮ್ಮನ ಕೆಲಸ ಮುಗಿಯದೆ ಅಣ್ಣನು ಏಳನು, ಕೋಣೆ ತೆರೆಯದೆ ತಮ್ಮನ ಕೆಲಸ ಮುಗಿಯದು! ಒರಾಕಲ್ ಈ ಗಂಟನ್ನು ಗುರುತಿಸಿ, ೬೦ನೆಯ ಸಂಖ್ಯೆಯ ದೋಷವನ್ನು ಸಾರುತ್ತದೆ. ಕಮಿಟ್ ಅಥವಾ ರೋಲ್‌ಬ್ಯಾಕ್ ಯಾವುದನ್ನೂ ಮಾಡದೆ ಉಪವಹಿವಾಟು ಹಿಂದಿರುಗಲೆತ್ನಿಸಿದರೂ ದೋಷವೇ. ಆಗ ಅದು ಬರೆದುದೂ ಅಳಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಅದರ ದುರ್ಬಳಕೆ. ತಂದೆಯ ಖಾತೆಯಿಂದ ಹಣ ಕಳೆಯುವ ಕೆಲಸವನ್ನೇ ಸ್ವತಂತ್ರವಾಗಿಸಿದರೆ, ಮಗಳ ಖಾತೆಗೆ ಅದು ಸೇರದೆ ಮೂಲ ವಹಿವಾಟು ರದ್ದಾದಾಗ ಕಳೆದುದು ತಾನಾಗಿ ಮರಳಿ ಬಾರದು. ಓಡಿಸಿದ ತ್ರಿಶಂಕುವನ್ನು ನಾವೇ ಕರೆತಂದಂತಾದೀತು.

ಆದುದರಿಂದ ಬಲ್ಲವರು ಈ ಸ್ವಾತಂತ್ರ್ಯವನ್ನು ದಾಖಲೆ ಬರೆಯುವ ಕೈಗೆ ಕೊಡುತ್ತಾರೆಯೇ ಹೊರತು, ಹಣವನ್ನು ಎಣಿಸುವ ಕೈಗಲ್ಲ. ಕಾರ್ಯವು ಕೆಟ್ಟರೆ ಅಳಿಯಲಿ. ಅದು ಕೆಟ್ಟಿತೆಂದು ಹೇಳುವ ಸಾಕ್ಷಿ ಮಾತ್ರ ಉಳಿಯಲಿ.