ನಿಮಗಿದು ಗೊತ್ತೇ? ಮಡಕೆಯ ಬೆನ್ನ ಮೇಲೊಂದು ತಿನ್ನುವ ಹಾಳೆ

ತಿನ್ನಬಹುದಾದ ಪ್ಯಾಕಿಂಗ್ ಹಾಳೆ ಹೊಸ ಸಂಶೋಧನೆ ಎನ್ನುತ್ತಾರೆ. ತಾಳಗುಪ್ಪ, ಸಾಗರ ಸೀಮೆಯವರು ನಕ್ಕಾರು! ಆಲೆಮನೆ ಹಂಗಾಮಿನಲ್ಲಿ ಇಲ್ಲಿ ಮಾಡುವ ತೊಡದೇವು ಅಂಥದ್ದೇ ಪಿಷ್ಟದ ಹಾಳೆ.

ನುಣ್ಣಗೆ ರುಬ್ಬಿದ ಅಕ್ಕಿಗೆ ಕಬ್ಬಿನ ಹಾಲು ಬೆರೆಸಿ ಹಿಟ್ಟು ತೆಳ್ಳಗೆ ಮಾಡಬೇಕು. ಒಲೆಯ ಮೇಲೆ ಬೋರಲು ಹಾಕಿದ ಮಡಕೆಗೆ ಎಣ್ಣೆ ಸವರಿ, ಕೋಲಿಗೆ ಕಟ್ಟಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಬೀಸಿಗೆ ಎಳೆಯಬೇಕು. ಅಂಚು ಎದ್ದೊಡನೆ ಬಿಡಿಸಿ, ಬಿಸಿಯಲ್ಲೇ ಮಡಚಬೇಕು. ಆರಿತೋ, ಮಡಚಲು ಹೋದರೆ ಪುಡಿ! ಬಿಸಿಯಲ್ಲಿ ಬಾಗುವ ಸಕ್ಕರೆ–ಪಿಷ್ಟದ ಜೋಡಿ ಆರಿದಾಗ ಗಾಜಿನಂತೆ ಗಡುಸಾಗುತ್ತದೆ.

ಅಕ್ಕಿಯ ಪಿಷ್ಟ ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಹೀರಿ, ಉಬ್ಬಿ, ಅಂಟಾಗುತ್ತದೆ. ಸಿಹಿ ಸೇರಿದರೆ ಇನ್ನಷ್ಟು ಕಾವು ಬೇಕು. ಮಡಕೆ ಸಾಕಷ್ಟು ಕಾಯದಿದ್ದರೆ ಹಾಳೆ ಕೂಡುವುದಿಲ್ಲ. ಅತಿಯಾಗಿ ಕಾದರೆ ಸೀಯುತ್ತದೆ.

ಅದೇ ಅಕ್ಕಿ, ಬೇರೆ ಗುಣ: ವಿಯೆಟ್ನಾಂನವರು ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಬಿದಿರಿನ ತಟ್ಟಿಯ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಆ ಹಾಳೆಯನ್ನು ನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಪಲ್ಯ ಸುತ್ತಲು ಒದಗುತ್ತದೆ. ತೊಡದೇವನ್ನು ಹಾಗೆ ಅದ್ದಿ ನೋಡುವ ಸಾಹಸ ಬೇಡ.

ತಿನ್ನುವ ಹೊದಿಕೆ ಪಿಷ್ಟದ್ದೇ ಆಗಬೇಕಿಲ್ಲ. ಔಷಧದ ಗಟ್ಟಿ ಜೆಲಟಿನ್ ಕ್ಯಾಪ್ಸೂಲ್ ಕೂಡ ಅಂಥದ್ದೇ. ಅದರಲ್ಲಿ ನೀರಿನಂಶ ಶೇ 13ರಿಂದ 16 ಇರಬೇಕು. ಕಡಿಮೆಯಾದರೆ ಸಿಡಿಯುತ್ತದೆ, ಹೆಚ್ಚಾದರೆ ಅಂಟುತ್ತದೆ.

ಹಾಳೆ ಮಾಡಲು ಒದಗುವ ಇನ್ನೊಂದು ವಸ್ತು, ಸಿಗಡಿ ಸಿಪ್ಪೆಯಿಂದ ತೆಗೆಯುವ ಕೈಟೋಸಾನ್. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮಾವಿನಹಣ್ಣಿನ ಪೆಟ್ಟಿಗೆಯ ಬಾಯಿಗೆ ಅದರ ಹಾಳೆ ಹೊದಿಸಿ ಪರೀಕ್ಷಿಸಿದ್ದಾರೆ. ಒಣಗಿಸುವ ಕ್ರಮ ಬದಲಾದರೆ ಹಾಳೆ ಹೇಗಾಗುತ್ತದೆಂದು ತಿಳಿಯಲು ಗಾಳಿಯಲ್ಲಿ, ಓವನ್‌ನಲ್ಲಿ, ಇನ್‌ಫ್ರಾರೆಡ್ ಶಾಖದಲ್ಲಿ ಬೇರೆ ಬೇರೆಯಾಗಿ ಒಣಗಿಸಿ ಹೋಲಿಸಿದರು. ವರದಿ ಬಂದದ್ದು 2004ರಲ್ಲಿ. ಬೇಗ ಒಣಗಿಸಿದ್ದು ಇನ್‌ಫ್ರಾರೆಡ್.

ಪಿಷ್ಟದ ಹಾಳೆಗೆ ಗ್ಲಿಸರಾಲ್ ಬೆರೆಸಿದರೆ ಬಳುಕು ಬರುತ್ತದೆ, ಆದರೆ ಬಲ ಕುಗ್ಗುತ್ತದೆ, ತೇವ ಸುಲಭವಾಗಿ ನುಗ್ಗುತ್ತದೆ. ಬಳುಕು, ಬಲ ಎರಡನ್ನೂ ಒಟ್ಟಿಗೆ ಗೆಲ್ಲುವುದು ಕಷ್ಟ.

ಒಣಗಿರುವಾಗ ಪಿಷ್ಟದ ಹಾಳೆ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ. ತೇವದ ಮುಂದೆ ಮಾತ್ರ ಸೋಲು. ಅದಕ್ಕೇ, ಪ್ಲಾಸ್ಟಿಕ್ಕಿಗೆ ಬದಲಿಯಾಗಬಲ್ಲ ಜಾತಿಗೆ ಸೇರಿದ ತೊಡದೇವು ಅಂಗಡಿಗೆ ಬರುವುದು ಪ್ಲಾಸ್ಟಿಕ್ ಕವರಿನಲ್ಲೇ! ಮಲೆನಾಡಿನ ಮಳೆಗಾಲದಲ್ಲಿ ಪೊಟ್ಟಣ ಒಡೆದು ಇಟ್ಟರೆ ಗರಿಗರಿ ಹೋದಂತೆಯೇ. ಒಡೆದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಇಲ್ಲವೇ ತುಪ್ಪ ಹಾಕಿಕೊಂಡು ತಿಂದು ಮುಗಿಸಿ.