ಹುಟ್ಟಿನ ತಕ್ಕಡಿ

ಒಂದು ತಪ್ಪೊಪ್ಪಿಗೆಯಿಂದಲೇ ಈ ಲೇಖನವನ್ನು ಆರಂಭಿಸಬೇಕಾಗಿದೆ. ಎಡಪ್ಪಳ್ಳಿಯಲ್ಲಿ ನಾವಿರುವ ಬೀದಿಯ ಕೊನೆಯ ಮನೆಯ ಮಹಡಿಗೆ ಕಳೆದ ವರ್ಷ ನಾಲ್ವರು ತರುಣರು ಬಾಡಿಗೆಗೆ ಬಂದರು. ಇಬ್ಬರು ನಾಗಾಲ್ಯಾಂಡಿನವರು, ಇಬ್ಬರು ಮಣಿಪುರದವರು. ಕೊಚ್ಚಿಯ ಅಂಗಡಿಯೊಂದರಲ್ಲಿ ಕೆಲಸ. ಅವರು ಬಂದು ತಿಂಗಳು ತುಂಬಿರಲಿಲ್ಲ, "ಇಂಥವರು ನಮ್ಮ ಬೀದಿಗೆ ಬೇಡ, ಯಜಮಾನರು ಮನೆ ಬಿಡಿಸಬೇಕು" ಎಂಬ ಅರ್ಜಿಯೊಂದು ಮನೆಮನೆಗೂ ಬಂತು. ಅವರು ಮಾಡಿದ ತಪ್ಪೇನೆಂದು ಅದರಲ್ಲಿ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ನೆರೆಹೊರೆಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಹಿ ಹಾಕಿಬಿಟ್ಟೆ.

ಮರುದಿನ ಸಾಯಂಕಾಲ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮನೆಗೆ ಬಂದಿದ್ದರು. ಹಾಸನದ ಕಡೆಯವರು, ಮದ್ರಾಸ್ ರೆಜಿಮೆಂಟಿನಲ್ಲಿ ಬಹುಕಾಲ ದುಡಿದು ಸುಬೇದಾರರಾಗಿ ನಿವೃತ್ತರಾದವರು. ಕಾಫಿ ಕುಡಿಯುತ್ತ ಕುಳಿತಿದ್ದಾಗ ನನ್ನ ಮೊಮ್ಮಗ ಓಡಿ ಬಂದು, "ತಾತ, ಚೀನಾದವರು ನನ್ನ ಸೈಕಲ್ಲಿಗೆ ಗಾಳಿ ಹಾಕಿಕೊಟ್ಟರು!" ಎಂದ. ನಾನು ನಕ್ಕೆ. ನಗುತ್ತಲೇ ಅರ್ಜಿಯ ಸಂಗತಿಯನ್ನೂ ಹೇಳಿದೆ. ಸುಬೇದಾರರು ನಗಲಿಲ್ಲ. ಲೋಟವನ್ನು ಕೆಳಗಿಟ್ಟರು.

"ರಾಯರೇ, ಲಡಾಖಿನಲ್ಲಿ ನನಗೆ ಉಸಿರು ಕಟ್ಟಿದಾಗ ಹೆಗಲ ಮೇಲೆ ಹಾಕಿಕೊಂಡು ಕೆಳಗಿಳಿಸಿದವನು ಅಸ್ಸಾಂ ರೆಜಿಮೆಂಟಿನ ಒಬ್ಬ ಸಿಪಾಯಿ. ಅವನ ಮುಖವೂ ಹೀಗೆಯೇ ಇತ್ತು. ನಾಳೆ ಅವನೂ ನಿಮ್ಮ ಬೀದಿಗೆ ಮನೆ ಕೇಳಿಕೊಂಡು ಬಂದಾನು."

ನನಗೆ ಮುಖವೆತ್ತಲಾಗಲಿಲ್ಲ. ಮಾತು ಮರೆಸುವುದಕ್ಕಾಗಿ, "ದಂಡಿನಲ್ಲಿ ಇಂಥ ಭೇದಗಳಿಲ್ಲ, ಅಲ್ಲವೇ?" ಎಂದೆ.

"ಇಲ್ಲದೆ ಏನು? ಬೇಕಾದಷ್ಟಿತ್ತು. ಒಂದು ಕಾಲಕ್ಕೆ ನಮ್ಮನ್ನೇ ಸಿಪಾಯಿಗಿರಿಗೆ ಲಾಯಕ್ಕಿಲ್ಲವೆಂದು ಹೊರಗಿಟ್ಟಿದ್ದರು. ಓದಿ ನೋಡಿ, ರಾಯರೇ" ಎಂದು ಹೇಳಿ ಅವರು ಎದ್ದುಹೋದರು. ಅಂದಿನಿಂದ ಓದಿದ್ದರಲ್ಲಿ ನಮ್ಮ ಮನೆಗಳಲ್ಲಿ ತಿಳಿದಿರಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಬ್ರಿಟಿಷರ ಕಾಲದ ಸೈನ್ಯದಲ್ಲಿ 'ಯೋಧ ಜನಾಂಗ'ಗಳೆಂಬ ಒಂದು ಸಿದ್ಧಾಂತವಿತ್ತು. ಕೆಲವು ಕುಲದವರು ಹುಟ್ಟಿನಿಂದಲೇ ಶೂರರು, ಉಳಿದವರು ಹುಟ್ಟಿನಿಂದಲೇ ಪುಕ್ಕಲರು ಎಂಬುದು ಅದರ ಸಾರ. 1881ರಿಂದ 1885ರ ವರೆಗೆ ಮದ್ರಾಸ್ ಸೈನ್ಯದ ದಂಡನಾಯಕನಾಗಿದ್ದು, ಆಮೇಲೆ ಇಡೀ ಭಾರತದ ಸೇನಾಧಿಪತಿಯಾದ ರಾಬರ್ಟ್ಸ್ ಎಂಬಾತ ಈ ಮತದ ದೊಡ್ಡ ಪ್ರವರ್ತಕ. ಉತ್ತರದವರ ಮುಂದೆ ದಕ್ಷಿಣದವರು ನಿಲ್ಲಲಾರರೆಂದು ಅವನ ಅಭಿಪ್ರಾಯ. ಕನ್ನಡಿಗ, ತಮಿಳ, ತೆಲುಗ, ಮಲಯಾಳಿಗಳಿದ್ದ ಮದ್ರಾಸ್ ಪಲ್ಟಣಗಳು ಒಂದೊಂದಾಗಿ ಕರಗಿದವು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳವೇನೋ ಉಳಿದುಕೊಂಡಿತು. ಕಾಲಾಳು ಪಲ್ಟಣಗಳು ಮೊದಲ ಮಹಾಯುದ್ಧದ ನಂತರ ಇಲ್ಲವೆಂಬಷ್ಟಕ್ಕೆ ಬಂದವು. ಎರಡನೆಯ ಮಹಾಯುದ್ಧ ಬಂದು ಜನ ಸಾಲದೆ ಹೋದಾಗ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. ಅಷ್ಟರಲ್ಲಿ ನಮ್ಮವರ ರಕ್ತವೇನೂ ಬದಲಾಗಿರಲಿಲ್ಲ. ಬದಲಾದದ್ದು ಸರಕಾರದ ಗರಜು ಮಾತ್ರ.

ಅಧಿಕಾರಿಗಳ ಪಾಡು ಇನ್ನೊಂದು ಬಗೆಯದು. 1919ರಲ್ಲಿ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಇಂದೋರಿನಲ್ಲಿ ತರಬೇತು ಪಡೆದು ಅಧಿಕಾರಿಯಾದರು. ಆದರೆ ಬಿಳಿಯನೊಬ್ಬ ಕಪ್ಪುಬಣ್ಣದವನ ಕೈಕೆಳಗೆ ದುಡಿಯುವ ಪ್ರಸಂಗ ಬಂದರೆ ಮಾಡುವುದೇನು? 1923ರಲ್ಲಿ ಅದಕ್ಕೊಂದು ಉಪಾಯ ಹೂಡಿದರು. ಎಂಟೇ ಎಂಟು ಪಲ್ಟಣಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳನ್ನೆಲ್ಲ ಅವುಗಳಿಗೇ ಸೇರಿಸುವ ಏರ್ಪಾಡು ಅದು. ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು 1926ರಲ್ಲಿ ಅಧಿಕಾರಿಯಾದ ಮೇಲೆ ಸೇರಿದ ಹೈದರಾಬಾದ್ ರೆಜಿಮೆಂಟಿನ ಪಲ್ಟಣ ಈ ಎಂಟರಲ್ಲಿ ಒಂದು. ದೇಶದ ಎಷ್ಟೋ ಬಿಳಿಯರ ಕ್ಲಬ್ಬುಗಳಲ್ಲಿ ಸಮವಸ್ತ್ರ ತೊಟ್ಟ ಭಾರತೀಯ ಅಧಿಕಾರಿಗೂ ಪ್ರವೇಶವಿರಲಿಲ್ಲ. ಒಂದೇ ಗುಂಡಿಗೆ ಎದೆಯೊಡ್ಡಬಹುದು, ಒಂದೇ ಮೇಜಿನಲ್ಲಿ ಕೂಡಬಾರದು!

ಆದರೆ ಎಲ್ಲ ದೋಷವನ್ನೂ ಬಿಳಿಯರ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ಅದೇ ತಕ್ಕಡಿ ನಮ್ಮ ಮನೆಯೊಳಗೂ ತೂಗುತ್ತಿತ್ತು. ತಿರುವನಂತಪುರವನ್ನೇ ನೋಡಿ. ತಿರುವಾಂಕೂರಿನ ಸಂಸ್ಥಾನದ ಸೈನ್ಯಕ್ಕೆ 'ನಾಯರ್ ಬ್ರಿಗೇಡ್' ಎಂದೇ ಹೆಸರು. ಉಳಿದ ಸಮುದಾಯದವರಿಗೆ ಅಲ್ಲಿ ಎಡೆಯಿರಲಿಲ್ಲ. 1930ರ ದಶಕದಲ್ಲಿ ಈಳವರು, ಕ್ರೈಸ್ತರು, ಮುಸಲ್ಮಾನರು ಒಂದಾಗಿ ಹೋರಾಡಿದ ಮೇಲೆ ಅದರ ಬಾಗಿಲು ಎಲ್ಲರಿಗೂ ತೆರೆಯಿತು.

ಸರಕಾರಿ ಉದ್ಯೋಗಗಳ ಬಾಗಿಲೂ ಹೀಗೆಯೇ ಮುಚ್ಚಿತ್ತು. ಇದನ್ನು ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕು. 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಡಾಕ್ಟರ್ ಪಲ್ಪು ಅವರು ಈಳವರೆಂಬ ಕಾರಣಕ್ಕೆ ತಮ್ಮೂರಿನಲ್ಲಿ ವೈದ್ಯವಿದ್ಯೆಗೆ ಅವಕಾಶ ಸಿಗದೆ ಮದ್ರಾಸಿಗೆ ಹೋಗಿ ಓದಿದರು. ವೈದ್ಯರಾಗಿ ಮರಳಿದರೂ ಸ್ವಂತ ಸಂಸ್ಥಾನದಲ್ಲಿ ಕೆಲಸ ದೊರೆಯಲಿಲ್ಲ. ಅವರಿಗೆ ಕೆಲಸ ಕೊಟ್ಟದ್ದು ಮೈಸೂರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಜನ ಊರು ಬಿಟ್ಟು ಓಡುತ್ತಿದ್ದರೆ, ಈ ಹೊರನಾಡಿನವರು ಪ್ಲೇಗಿನ ಬಿಡಾರಗಳಲ್ಲಿ ನಿಂತು ರೋಗಿಗಳ ಸೇವೆ ಮಾಡಿದರು. ಅದಕ್ಕೆ ಮೊದಲೇ, 1896ರಲ್ಲಿ, ಹದಿಮೂರು ಸಾವಿರಕ್ಕೂ ಮೀರಿದ ಸಹಿಗಳುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಒಪ್ಪಿಸಿದ್ದವರೂ ಅವರೇ. ಬಾಗಿಲು ತೆರೆಯಿರೆಂದು ಹಾಕಿದ ಸಹಿಗಳವು. ನಾನು ಹಾಕಿದ್ದು ಬಾಗಿಲು ಮುಚ್ಚಿರೆಂದು.

ಮಹಾರರ ಕಥೆಯೂ ಇಂಥದೇ. ಹಿಂದಿನಿಂದ ಸೈನ್ಯದಲ್ಲಿದ್ದ ಅವರನ್ನು ಅಸ್ಪೃಶ್ಯರೆಂದು 1890ರ ದಶಕದಲ್ಲಿ ಸೇರಿಸಿಕೊಳ್ಳದೆ ಬಿಟ್ಟರು. ಡಾಕ್ಟರ್ ಅಂಬೇಡ್ಕರರ ತಂದೆಯವರೇ ಸುಬೇದಾರರಾಗಿದ್ದವರು. ಮೊದಲ ಮಹಾಯುದ್ಧದಲ್ಲಿ ಮಹಾರರ ಪಲ್ಟಣವೊಂದನ್ನು ಕಟ್ಟಿ, ಯುದ್ಧ ಮುಗಿದೊಡನೆ ಮುರಿದರು. ಮತ್ತೆ ಅವರ ರೆಜಿಮೆಂಟು ತಲೆಯೆತ್ತಿದ್ದು ನಮ್ಮ ಬೆಳಗಾವಿಯಲ್ಲಿ, 1941ರ ಅಕ್ಟೋಬರ್ 1ರಂದು. ಕೈಲಾಗದವರೆಂದು ಹೊರಗಿಟ್ಟಿದ್ದ ಹೆಸರಿನ ಆ ರೆಜಿಮೆಂಟು ಮುಂದೆ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ಮೂಲಕ ಪರಮವೀರ ಚಕ್ರವನ್ನೂ ಪಡೆಯಿತು.

ಸ್ವಾತಂತ್ರ್ಯ ಬಂದ ಮೇಲೆ ಈ ತಕ್ಕಡಿಗೆ ಮೊದಲ ಏಟು ಕೊಟ್ಟವರಲ್ಲಿ ಕಾರ್ಯಪ್ಪನವರು ಪ್ರಮುಖರು. 1949ರ ಜನವರಿ 15ರಂದು ಅವರು ಭಾರತೀಯರಲ್ಲಿ ಮೊದಲ ಸೇನಾಧಿಪತಿಗಳಾದರು. ಅದೇ ವರ್ಷ 'ಬ್ರಿಗೇಡ್ ಆಫ್ ದಿ ಗಾರ್ಡ್ಸ್' ಎಂಬ ಹೊಸ ರೆಜಿಮೆಂಟನ್ನು ಕಟ್ಟಿ, ಯಾವ ಪ್ರಾಂತ, ಯಾವ ಜಾತಿ, ಯಾವ ಮತದವನಾದರೂ ಅದರಲ್ಲಿ ಜೊತೆಯಾಗಿ ನಿಲ್ಲಬಹುದೆಂದು ಮಾಡಿದರು. ತಿರುವಾಂಕೂರು, ಕೊಚ್ಚಿ, ಮೈಸೂರು ಸಂಸ್ಥಾನಗಳ ಪಲ್ಟಣಗಳೂ ಮದ್ರಾಸ್ ರೆಜಿಮೆಂಟಿನಲ್ಲಿ ಒಂದಾದವು. ಹೆಸರಿನಲ್ಲಿ ಕುಲವನ್ನೋ ಪ್ರದೇಶವನ್ನೋ ಹೊತ್ತ ಹಳೆಯ ರೆಜಿಮೆಂಟುಗಳು ಇಂದಿಗೂ ಇರುವುದುಂಟು. ಅದು ಸಂಪ್ರದಾಯವೆನ್ನುವವರೂ ಇದ್ದಾರೆ, ಸಾಕೆನ್ನುವವರೂ ಇದ್ದಾರೆ. ಆದರೆ ಹುಟ್ಟಿನಿಂದಲೇ ಒಬ್ಬನು ಅಯೋಗ್ಯನೆಂದು ಬರೆದಿಟ್ಟ ಕಾಗದ ಮಾತ್ರ ಹರಿದುಹೋಗಿದೆ.

ಹೊರದೇಶಗಳಲ್ಲೂ ಇದು ಸುಲಭವಾಗಿ ತೀರಿದ ವ್ಯಾಜ್ಯವಲ್ಲ. ಅಮೆರಿಕದ ಸೈನ್ಯದಲ್ಲಿ ಕರಿಯರ ದಳಗಳೇ ಬೇರೆ, ಬಿಳಿಯರ ದಳಗಳೇ ಬೇರೆ ಇದ್ದವು. ಆ ಭೇದ ಸಲ್ಲದೆಂದು ಅಧ್ಯಕ್ಷ ಟ್ರೂಮನ್ 1948ರ ಜುಲೈ 26ರಂದು ಆಜ್ಞೆ ಹೊರಡಿಸಿದರು. ಆಜ್ಞೆಯಾದ ಮಾತ್ರಕ್ಕೆ ಮನಸ್ಸು ಶುದ್ಧವಾಯಿತೇ? 2021ರಲ್ಲಿ ಅಲ್ಲಿನ ರಕ್ಷಣಾ ಮಂತ್ರಿಗಳಾಗಿದ್ದ, ಸ್ವತಃ ಕರಿಯರಾದ ಲಾಯ್ಡ್ ಆಸ್ಟಿನ್ ಅವರು, ಪ್ರತಿಯೊಂದು ದಳವೂ ಒಂದು ದಿನ ಎಂದಿನ ಕೆಲಸ ನಿಲ್ಲಿಸಿ, ತಮ್ಮೊಳಗೆ ನುಸುಳಿರುವ ಉಗ್ರವಾದದ ವಿಷಯ ಕುಳಿತು ಮಾತಾಡಬೇಕೆಂದು ಅಪ್ಪಣೆ ಮಾಡಬೇಕಾಯಿತು. ಜರ್ಮನಿಯಲ್ಲಿ 2020ರಲ್ಲಿ ವಿಶೇಷ ಪಡೆಯ ಒಂದು ತುಕಡಿಯನ್ನು ಇದೇ ಕಾರಣಕ್ಕೆ ವಿಸರ್ಜಿಸಿದರು. ರೋಗವಿದೆಯೆಂದು ಒಪ್ಪಿಕೊಂಡರಲ್ಲ, ಅಷ್ಟು ಮೆಚ್ಚತಕ್ಕದ್ದೇ.

ಇನ್ನು ನಮ್ಮ ಬೀದಿಗಳ ಮಾತು. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಗಳ ಬೆನ್ನಲ್ಲೇ, ಈಶಾನ್ಯದವರಿಗೆ ಬೆಂಗಳೂರಿನಲ್ಲಿ ಅಪಾಯವಿದೆಯೆಂಬ ಸುಳ್ಳುಸುದ್ದಿ ಮೊಬೈಲುಗಳಲ್ಲಿ ಹಬ್ಬಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿ ರೈಲ್ವೆ ನಿಲ್ದಾಣಕ್ಕೆ ಧಾವಿಸಿದರು. ಗುವಾಹಾಟಿಗೆ ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಹೋಗಬೇಡಿರೆಂದು ಮಂತ್ರಿಗಳೇ ನಿಲ್ದಾಣದಲ್ಲಿ ನಿಂತು ಬೇಡಿಕೊಂಡರು. ಸುದ್ದಿಯೇನೋ ಸುಳ್ಳು. ಆದರೆ ಅದನ್ನು ಅವರು ಅಷ್ಟು ಬೇಗ ನಂಬಿದ್ದೇಕೆ? ವರ್ಷಗಟ್ಟಲೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೀದಿಯಲ್ಲಿ 'ಚೀನಾದವರು' ಎನಿಸಿಕೊಂಡವರಿಗೆ ನಮ್ಮ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ? 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ತಲೆಗೂದಲನ್ನು ಗೇಲಿ ಮಾಡಿದ್ದರಿಂದ ಆರಂಭವಾದ ಜಗಳ ಅವನ ಸಾವಿನಲ್ಲಿ ಕೊನೆಗೊಂಡಿತು. ಗೇಲಿ ಮೊದಲು, ಅರ್ಜಿ ಆಮೇಲೆ, ಕೈ ಎತ್ತುವುದು ಕೊನೆಗೆ. ಉಗ್ರವಾದ ಹತ್ತುವ ಮೆಟ್ಟಿಲುಗಳಲ್ಲಿ ಮೊದಲಿನದು ನಮ್ಮ ನಿಮ್ಮ ಮನೆಯ ಜಗಲಿಯಲ್ಲೇ ಇದೆ.

ಕಾರ್ಗಿಲ್ ಯುದ್ಧದ ಒಂದು ಸಂಗತಿಯನ್ನು ಮೊಮ್ಮಗನಿಗೆ ಹೇಳಿದೆ. ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರುಸೆ ಅವರು ರಜಪೂತಾನಾ ರೈಫಲ್ಸ್ ಪಲ್ಟಣದೊಡನೆ ಹೋರಾಡಿದವರು. ರಾಜಸ್ಥಾನ, ಹರಿಯಾಣದ ಕಡೆಯ ಜವಾನರು ಅವರನ್ನು ಪ್ರೀತಿಯಿಂದ 'ನಿಂಬು ಸಾಹೇಬ' ಎಂದು ಕರೆಯುತ್ತಿದ್ದರಂತೆ. 1999ರ ಜೂನ್ 28ರ ರಾತ್ರಿ, ಹಿಮಗಟ್ಟಿದ ಬಂಡೆಯ ಮೇಲೆ ಬೂಟು ಜಾರುತ್ತಿತ್ತೆಂದು ಅದನ್ನು ಕಳಚಿ, ಬರಿಗಾಲಿನಲ್ಲಿ ಹತ್ತಿ, ಶತ್ರುವಿನ ಠಾಣೆಯ ಮೇಲೆ ಬಿದ್ದು ಅವರು ಪ್ರಾಣವನ್ನರ್ಪಿಸಿದರು. ದೇಶ ಅವರಿಗೆ ಮಹಾವೀರ ಚಕ್ರವನ್ನಿತ್ತಿತು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ತಾತ, ಅವರು ಬಂದರೂ ನಮ್ಮ ಬೀದಿಯಲ್ಲಿ ಮನೆ ಕೊಡುತ್ತಿರಲಿಲ್ಲವೇ?" ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಹೇಳಲಾರದೆ ಎದ್ದು ಅಂಗಿ ತೊಟ್ಟೆ. ಅರ್ಜಿ ಯಾರ ಮನೆಯಲ್ಲಿತ್ತೋ ಅಲ್ಲಿಗೆ ಹೋಗಿ, ಅವರೆದುರಿಗೇ ನನ್ನ ಹೆಸರನ್ನು ಹೊಡೆದುಹಾಕಿದೆ. ಅವರ ಮುಖ ಕಪ್ಪಿಟ್ಟಿತು; ಇಂದಿಗೂ ಅವರು ನನ್ನೊಡನೆ ಮೊದಲಿನಂತೆ ಮಾತಾಡುವುದಿಲ್ಲ. ಆದರೆ ವಾರದೊಳಗೆ ಇನ್ನೂ ಮೂವರು ತಮ್ಮ ಸಹಿ ಹೊಡೆದರು. ಅವರೂ ನನ್ನಂತೆಯೇ ದಾಕ್ಷಿಣ್ಯಕ್ಕೆ ಬರೆದಿದ್ದವರಂತೆ! ಅರ್ಜಿ ಯಜಮಾನರ ಕೈಗೆ ಹೋಗಲೇ ಇಲ್ಲ.

ಹೊರನಾಡಿನಲ್ಲಿ ಬಾಳುವ ನಮಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಮಲಯಾಳ ನಾಡಿನಲ್ಲಿ ನಾವೂ ಒಂದು ದಿನ ಭಾಷೆ ಬಾರದೆ ಬಾಡಿಗೆ ಮನೆ ಹುಡುಕಿಕೊಂಡು ಅಲೆದವರೇ. ನಮಗೆ ಬಾಗಿಲು ತೆರೆದವರಿದ್ದುದರಿಂದ ಇಂದು ಇಲ್ಲಿ ನಮಗೊಂದು ಮನೆ, ಒಂದು ಸಂಘ. ಮುಂದಿನ ಹಬ್ಬಕ್ಕೆ ಆ ನಾಲ್ವರನ್ನೂ ಊಟಕ್ಕೆ ಕರೆದಿದ್ದೇವೆ. ಮೊಮ್ಮಗನಂತೂ ಅವರ ಹೆಸರುಗಳನ್ನು ತಪ್ಪಿಲ್ಲದೆ ಹೇಳುವುದನ್ನು ಕಲಿತಿದ್ದಾನೆ. ನನಗೆ ಇನ್ನೂ ಒಂದು ಹೆಸರು ಸರಿಯಾಗಿ ಬರುತ್ತಿಲ್ಲ; ದಿನವೂ ಅವನೇ ತಿದ್ದುತ್ತಾನೆ.